ಜಾಗ ಕಡಿಮೆ ಇರುವ ಶಾಲೆಯಲ್ಲಿ ಆಟದ ಅಂಗಳ ಮಾಡುವುದು ಹೇಗೆ?

ಆಟದ ಅಂಗಳ ಮಾಡೋಣ ಎಂದು ಶಾಲೆ ತೀರ್ಮಾನಿಸಿದ ಕೂಡಲೇ ಮೇಜಿನ ಮೇಲೆ ಬರುವುದು ಆಟದ ಸಾಮಾನಿನ ಕ್ಯಾಟಲಾಗು. ಜಾರುಬಂಡೆ, ಉಯ್ಯಾಲೆ, ಬಣ್ಣಬಣ್ಣದ ಕೋಟೆ. ಜಾಗ ಧಾರಾಳವಾಗಿದ್ದರೆ ತೊಂದರೆ ಇಲ್ಲ. ಆದರೆ ತರಗತಿಗೂ ಕಾಂಪೌಂಡ್ ಗೋಡೆಗೂ ನಡುವೆ ಒಂದಿಷ್ಟು ನೆಲ ಮಾತ್ರ ಉಳಿದಿದ್ದರೆ ಕ್ಯಾಟಲಾಗು ತೆರೆಯುವುದು ಕೊನೆಯ ಕೆಲಸ ಆಗಬೇಕು.

ಯಾಕೆ ಅನ್ನುವುದಕ್ಕೆ ಉಯ್ಯಾಲೆಯ ಲೆಕ್ಕ ನೋಡಿ. ಅದರ ಕೊಂಡಿ ನೆಲದಿಂದ 2.4 ಮೀಟರ್ ಎತ್ತರದಲ್ಲಿದೆ ಎಂದುಕೊಳ್ಳಿ. ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗದ ಕೈಪಿಡಿಯ ಪ್ರಕಾರ, ಆ ಎತ್ತರದ ಎರಡರಷ್ಟು ಜಾಗ ಮುಂದೆಯೂ ಹಿಂದೆಯೂ ಖಾಲಿ ಇರಬೇಕು. ಅಂದರೆ 4.8 ಮೀಟರ್ ಮುಂದೆ, 4.8 ಮೀಟರ್ ಹಿಂದೆ. ಪಕ್ಕಗಳಲ್ಲಿ 1.8 ಮೀಟರ್ ಬೇರೆ. ಎರಡು ಸೀಟಿನ ಉಯ್ಯಾಲೆಯ ಚೌಕಟ್ಟು 3 ಮೀಟರ್ ಅಗಲ ಇದ್ದರೆ ಒಟ್ಟು 60 ಚದರ ಮೀಟರಿಗೂ ಜಾಸ್ತಿ ನೆಲ ಹೋಯಿತು. ಒಂದು ತರಗತಿ ಕೋಣೆಯಷ್ಟು ಜಾಗ. ಆಡುವವರು ಇಬ್ಬರು. ಉಳಿದವರು ಸಾಲಿನಲ್ಲಿ ನಿಂತು ಕಾಯುವವರು.

ಚಿಕ್ಕ ಅಂಗಳದಲ್ಲಿ ಒಂದು ಆಟವನ್ನು ಅಳೆಯಬೇಕಾದ್ದು ಹೀಗೆ: ಅದು ಎಷ್ಟು ಜಾಗ ತಿನ್ನುತ್ತದೆ, ಒಂದೇ ಹೊತ್ತಿಗೆ ಎಷ್ಟು ಮಕ್ಕಳು ಅದರಲ್ಲಿ ಆಡಬಹುದು. ಮುಂದಿನ ಹೆಜ್ಜೆಗಳೆಲ್ಲ ಈ ಲೆಕ್ಕದ ಮೇಲೇ ನಿಂತಿವೆ.

1. ನೆಲ ಮುಟ್ಟುವ ಮೊದಲು ವೇಳಾಪಟ್ಟಿ ತಿದ್ದಿ

ನಿಮ್ಮ ಅಂಗಳ 480 ಚದರ ಮೀಟರ್ ಇದೆ, ಮಕ್ಕಳು 240 ಎಂದುಕೊಳ್ಳಿ. ಎಲ್ಲರನ್ನೂ ಒಟ್ಟಿಗೆ ಬಿಟ್ಟರೆ ಒಬ್ಬರಿಗೆ 2 ಚದರ ಮೀಟರ್. ಇಬ್ಬರು ಎದುರುಬದುರು ಓಡಿದರೆ ಡಿಕ್ಕಿ ಖಚಿತ. ಬಿಡುವನ್ನು ಎರಡು ತಂಡಗಳಿಗೆ ಹಂಚಿದರೆ 4 ಚದರ ಮೀಟರ್, ಮೂರು ತಂಡವಾದರೆ 6. ಒಂದು ಇಟ್ಟಿಗೆಯನ್ನೂ ಕದಲಿಸದೆ ಅಂಗಳ ಮೂರು ಪಟ್ಟು ದೊಡ್ಡದಾಯಿತು, ಅಲ್ವಾ?

ಇದಕ್ಕೆ ಬರುವ ಮುಖ್ಯ ಆಕ್ಷೇಪ ಎರಡು. ಹೊರಗಿನ ಗದ್ದಲ ಒಳಗೆ ಪಾಠ ಕೇಳುವವರಿಗೆ ತೊಂದರೆ ಮಾಡುತ್ತದೆ, ಮತ್ತು ಮೇಲ್ವಿಚಾರಣೆಗೆ ಶಿಕ್ಷಕರು ಜಾಸ್ತಿ ಹೊತ್ತು ನಿಲ್ಲಬೇಕಾಗುತ್ತದೆ. ಮೊದಲನೆಯದಕ್ಕೆ ಪರಿಹಾರ ಇದೆ. ಅಂಗಳಕ್ಕೆ ಹತ್ತಿರದ ಕೋಣೆಗಳಲ್ಲಿ ಆ ಹೊತ್ತಿಗೆ ಚಿತ್ರಕಲೆ, ಸಂಗೀತ, ಪ್ರಯೋಗದಂಥ ಪೀರಿಯಡ್ ಇಡಿ. ಎರಡನೆಯದು ನಿಜವಾದ ಖರ್ಚು. ಅದನ್ನು ಸಿಬ್ಬಂದಿ ಸಭೆಯಲ್ಲಿ ಮೊದಲೇ ಬಿಚ್ಚಿ ಹೇಳಿಬಿಡಿ. ಹೇಳದೆ ಶುರು ಮಾಡಿದರೆ ಸ್ವಲ್ಪ ದಿನದಲ್ಲೇ ಹಳೇ ವೇಳಾಪಟ್ಟಿ ವಾಪಸ್ ಬಂದಿರುತ್ತದೆ.

ತಂಡ ಮಾಡುವಾಗ ವಯಸ್ಸು ನೋಡಿ. ಆರು ವರ್ಷದ ಮಗುವನ್ನೂ ಹದಿಮೂರರ ಹುಡುಗನನ್ನೂ ಚಿಕ್ಕ ಜಾಗದಲ್ಲಿ ಒಟ್ಟಿಗೆ ಬಿಟ್ಟರೆ ಚಿಕ್ಕವರು ಗೋಡೆಗೆ ಅಂಟಿಕೊಂಡು ನಿಲ್ಲುತ್ತಾರೆ. ಇನ್ನೊಂದು ಮಾತು. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವಂಥ ಚಟುವಟಿಕೆ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹಾಗಾಗಿ ತಂಡ ಹೆಚ್ಚಿಸುವ ನೆಪದಲ್ಲಿ ಒಬ್ಬೊಬ್ಬರ ಬಿಡುವಿನ ಹೊತ್ತನ್ನು ಕತ್ತರಿಸಬೇಡಿ.

2. ನಕ್ಷೆ ಬರೆಯಿರಿ

ಗ್ರಾಫ್ ಹಾಳೆ, ಟೇಪು, ಪೆನ್ಸಿಲ್ ಸಾಕು. ಒಂದು ಮೀಟರಿಗೆ ಒಂದು ಸೆಂಟಿಮೀಟರ್ ಲೆಕ್ಕದಲ್ಲಿ ಅಂಗಳ ಬರೆಯಿರಿ. ಬಾಗಿಲು, ಗೇಟು, ಕಿಟಕಿ, ನಲ್ಲಿ, ಚರಂಡಿ, ಮ್ಯಾನ್‌ಹೋಲ್ ಮುಚ್ಚಳ, ವಿದ್ಯುತ್ ಪೆಟ್ಟಿಗೆ, ಮರ, ಮೆಟ್ಟಿಲು ಎಲ್ಲ ಗುರುತಿಸಿ. ಹೊರಕ್ಕೆ ತೆರೆದುಕೊಳ್ಳುವ ಕಿಟಕಿ ಬಾಗಿಲುಗಳನ್ನು ತೆರೆದ ಸ್ಥಿತಿಯಲ್ಲೇ ಬರೆಯಿರಿ. ಮಕ್ಕಳ ತಲೆಗೆ ತಾಗುವುದು ಅವೇ.

ಬೆಳಿಗ್ಗೆ, ಮಧ್ಯಾಹ್ನ, ಸಂಜೆ ನೆರಳು ಎಲ್ಲಿ ಬೀಳುತ್ತದೆ ಎಂದು ಮೂರು ಬಣ್ಣದಲ್ಲಿ ಗೆರೆ ಹಾಕಿ. ಒಂದು ಬಕೆಟ್ ನೀರು ಚೆಲ್ಲಿ, ಯಾವ ಕಡೆ ಹರಿಯುತ್ತದೆ, ಎಲ್ಲಿ ನಿಲ್ಲುತ್ತದೆ ನೋಡಿ. ಬೆಂಕಿ ಅವಘಡವಾದರೆ ಮಕ್ಕಳು ಹೊರಬರುವ ದಾರಿ ಮತ್ತು ಆಂಬುಲೆನ್ಸ್ ಒಳಬರುವ ದಾರಿಗೆ ಕೆಂಪು ಬಳಿಯಿರಿ. ಅಲ್ಲಿ ನೆಲದ ಬಣ್ಣದ ಆಟ ಬಿಟ್ಟು ಬೇರೇನೂ ಬರಬಾರದು.

ಗಾಲಿಕುರ್ಚಿಯ ದಾರಿಯನ್ನೂ ಈಗಲೇ ಬರೆಯಿರಿ, ಕೊನೆಗೆ ಉಳಿಸಬೇಡಿ. ದಾರಿ ಕನಿಷ್ಠ 90 ಸೆಂಟಿಮೀಟರ್ ಅಗಲ, ತಿರುಗುವ ಕಡೆ 150 ಸೆಂಟಿಮೀಟರ್ ವೃತ್ತ, ಇಳಿಜಾರು 12ಕ್ಕೆ 1ಕ್ಕಿಂತ ಕಡಿದಾಗದಂತೆ. ಈ ದಾರಿ ಆಟದ ಜಾಗದ ಅಂಚಿಗೆ ಬಂದು ನಿಂತರೆ ಆ ಮಗು ನೋಡುವವರ ಸಾಲಿಗೆ ಸೇರಿಬಿಡುತ್ತದೆ. ಆಟದ ಒಳಕ್ಕೇ ದಾರಿ ಹೋಗಬೇಕು.

ಇಷ್ಟಾದ ಮೇಲೆ ನಕ್ಷೆಯ ಅಂಚುಗಳನ್ನು ನೋಡಿ. ಸಾಮಾನ್ಯವಾಗಿ ಅಲ್ಲೊಂದು ಹಳೇ ಬೆಂಚಿನ ರಾಶಿ, ಇಲ್ಲೊಂದು ಸೈಕಲ್ ಸ್ಟ್ಯಾಂಡು, ಸಿಬ್ಬಂದಿಯ ಎರಡು ಕಾರು ಇರುತ್ತವೆ. ಒಂದು ಕಾರಿನ ಜಾಗ 12 ಚದರ ಮೀಟರಿನ ಸುತ್ತಮುತ್ತ. ಈ ವಿಷಯ ಎತ್ತಿದರೆ ಮುಖ ಕೆಡುತ್ತದೆ ಅನ್ನುವುದು ನಿಜ, ಆದರೂ ಎತ್ತಲೇಬೇಕು.

3. ಮಕ್ಕಳನ್ನು ನೋಡಿ, ಆಮೇಲೆ ಕೇಳಿ

ಒಂದು ವಾರ ಬಿಡುವಿನ ಹೊತ್ತಿನಲ್ಲಿ ನಕ್ಷೆಯ ನಕಲು ಹಿಡಿದು ನಿಲ್ಲಿ. ಐದೈದು ನಿಮಿಷಕ್ಕೊಮ್ಮೆ ಯಾರು ಎಲ್ಲಿದ್ದಾರೆ ಎಂದು ಚುಕ್ಕಿ ಇಡಿ. ಓಡುವವರಿಗೆ ಒಂದು ಬಣ್ಣ, ಚೆಂಡಿನವರಿಗೆ ಒಂದು, ಸುಮ್ನೆ ನಿಂತವರಿಗೆ ಇನ್ನೊಂದು. ವಾರದ ಕೊನೆಗೆ ಹಾಳೆಗಳನ್ನು ಒಂದರ ಮೇಲೊಂದಿಟ್ಟು ನೋಡಿದರೆ ಎರಡು ವಿಷಯ ಎದ್ದು ಕಾಣುವ ಸಾಧ್ಯತೆ ಹೆಚ್ಚು. ನಡುವಿನ ಅಷ್ಟೂ ಜಾಗವನ್ನು ಚೆಂಡಿನ ಆಟದ ಕೆಲವೇ ಮಕ್ಕಳು ಹಿಡಿದುಕೊಂಡಿರುತ್ತಾರೆ. ಮತ್ತು ಯಾರೂ ಕಾಲಿಡದ ಒಂದೆರಡು ಮೂಲೆಗಳು ಇರುತ್ತವೆ.

ಆಮೇಲೆ ಮಾತನಾಡಿಸಿ. ‘ನಿಮಗೆ ಏನು ಬೇಕು?’ ಎಂದು ಕೇಳಬೇಡಿ. ಈಜುಕೊಳ ಅಂತಾರೆ, ಅಲ್ಲಿಗೆ ಮಾತು ಮುಗಿಯಿತು. ‘ನಿನಗೆ ಇಷ್ಟವಾದ ಜಾಗಕ್ಕೆ ಕರೆದುಕೊಂಡು ಹೋಗು, ಹೋಗಲು ಇಷ್ಟವಿಲ್ಲದ ಜಾಗ ತೋರಿಸು’ ಅನ್ನಿ. ‘ಇಲ್ಲಿ ಯಾಕೆ ಬರುವುದಿಲ್ಲ?’ ಅನ್ನುವ ಪ್ರಶ್ನೆಗೆ ಮಕ್ಕಳು ಕೊಡುವ ಉತ್ತರದಲ್ಲಿ ಅರ್ಧ ವಿನ್ಯಾಸ ಇರುತ್ತದೆ. ನೀರು ನಿಲ್ಲುತ್ತದೆ, ಶೌಚಾಲಯದ ವಾಸನೆ ಬರುತ್ತದೆ, ದೊಡ್ಡ ಹುಡುಗರು ಓಡಿಸುತ್ತಾರೆ. ಹುಡುಗಿಯರನ್ನೂ ಆಟದಲ್ಲಿ ಹಿಂದೆ ಸರಿಯುವ ಮಕ್ಕಳನ್ನೂ ಬೇರೆಯಾಗಿ ಕೇಳಿ. ಗುಂಪಿನಲ್ಲಿ ಕೇಳಿದರೆ ಜೋರು ಬಾಯಿಯವರ ಮಾತೇ ಉಳಿಯುತ್ತದೆ.

4. ಚೆಂಡಿಗೆ ಮೂಲೆ, ನಡುವೆ ಖಾಲಿ

ಚಿಕ್ಕ ಅಂಗಳದ ಅತಿ ದೊಡ್ಡ ಜಗಳ ಚೆಂಡಿನದು. ನಿಷೇಧಿಸುವುದು ಸುಲಭ, ಆದರೆ ಅದು ಪರಿಹಾರ ಅಲ್ಲ. ಚೆಂಡಿನ ಆಟವನ್ನು ನಡುವಿನಿಂದ ಎತ್ತಿ ಒಂದು ತುದಿಗೆ ಹಾಕಿ. ಎರಡು ಕಡೆ ಕಿಟಕಿಯಿಲ್ಲದ ಗೋಡೆ ಇದ್ದರೆ ಒಳ್ಳೆಯದು. ಉಳಿದ ಕಡೆ ಬಲೆ ಅಥವಾ ಸೊಂಟದೆತ್ತರದ ಬೇಲಿ. ಮೆತ್ತನೆ ಚೆಂಡು ಮಾತ್ರ. ದಿನಕ್ಕೊಂದು ತರಗತಿಗೆ ಸರದಿ, ವಾರದಲ್ಲಿ ಒಂದು ದಿನ ಚೆಂಡೇ ಇಲ್ಲ. ಆ ಒಂದು ದಿನ ಅಂಗಳ ಹೇಗೆ ಬದಲಾಗುತ್ತದೆ ಎಂದು ಗಮನಿಸಿ. ಬೇರೆ ಮಕ್ಕಳು ಎಲ್ಲಿಂದಲೋ ಹೊರಬರುತ್ತಾರೆ.

ಉಳಿದ ಜಾಗವನ್ನು ಹಂಚುವಾಗ ಆಮ್‌ಸ್ಟರ್‌ಡ್ಯಾಮಿನ ಅನುಭವ ತುಂಬ ಉಪಯೋಗಕ್ಕೆ ಬರುತ್ತದೆ. ವಾಸ್ತುಶಿಲ್ಪಿ ಆಲ್ಡೊ ವಾನ್ ಐಕ್ 1947ರಿಂದ 1978ರವರೆಗೆ ಆ ನಗರದಲ್ಲಿ 700ಕ್ಕೂ ಹೆಚ್ಚು ಆಟದ ತಾಣಗಳನ್ನು ವಿನ್ಯಾಸ ಮಾಡಿದರು. ಎಷ್ಟೋ ತಾಣಗಳು ಮನೆಗಳ ನಡುವೆ ಉಳಿದುಹೋದ ತುಂಡು ನೆಲಗಳು. ಅವರು ಬಳಸಿದ ಸಾಮಾನು ಬಹಳ ಸರಳ: ಅಗಲ ಅಂಚಿನ ಮರಳುಗುಂಡಿ, ಲಾಗ ಹಾಕುವ ಕಬ್ಬಿಣದ ಕಂಬಿ, ಹಾರಿ ದಾಟುವ ಕಾಂಕ್ರೀಟ್ ದಿಂಡುಗಳು, ಹತ್ತುವ ಕಮಾನು. ಮೊದಲ ತಾಣದಲ್ಲೇ ಮರಳುಗುಂಡಿಯನ್ನು ನಡುಮಧ್ಯೆ ಇಡದೆ ಮೂಲೆಗೆ ಸರಿಸಿದರು.

ನಾವು ಇದರಿಂದ ಎತ್ತಿಕೊಳ್ಳಬೇಕಾದ್ದು ಸಾಮಾನಿನ ಪಟ್ಟಿಯಲ್ಲ, ಜೋಡಣೆ. ನಿಂತಿರುವ ಸಾಮಾನೆಲ್ಲ ಅಂಚಿಗೆ ಹೋದರೆ ನಡುವಿನ ನೆಲ ಓಟಕ್ಕೆ ಸಿಗುತ್ತದೆ. ಕಡಿಮೆ ಎತ್ತರದ ದಿಂಡಿನ ಮೇಲೆ ಹಾರಬಹುದು, ಕೂರಬಹುದು, ಪಾಠವನ್ನೂ ಮಾಡಬಹುದು. ಕೋಟೆ ಆಕಾರದ ಪ್ಲಾಸ್ಟಿಕ್ ಮನೆ ಯಾವತ್ತಿಗೂ ಕೋಟೆಯೇ. ದಿಂಡು ಇವತ್ತು ದ್ವೀಪ, ನಾಳೆ ಅಂಗಡಿ. ಚಿಕ್ಕ ಜಾಗಕ್ಕೆ ಎರಡನೆಯದೇ ವಾಸಿ.

ಮಾತನಾಡುತ್ತ ಕೂರುವ ಮಕ್ಕಳಿಗೂ ಒಂದು ಮೂಲೆ ಇರಲಿ. ಅದನ್ನು ಚೆಂಡಿನ ಪಕ್ಕ ಇಡಬೇಡಿ, ಅಷ್ಟೇ.

5. ಮೊದಲು ಸೀಮೆಸುಣ್ಣ, ಆಮೇಲೆ ಬಣ್ಣ

ನೆಲದ ಮೇಲೆ ಬರೆದ ಆಟಗಳು ಜಾಗ ತಿನ್ನುವುದಿಲ್ಲ. ಆಟ ಮುಗಿದ ಮೇಲೆ ಅದೇ ನೆಲದಲ್ಲಿ ಪ್ರಾರ್ಥನೆಗೂ ನಿಲ್ಲಬಹುದು. ಆದರೆ ನೇರ ಬಣ್ಣಕ್ಕೆ ಕೈ ಹಾಕಬೇಡಿ. ಎರಡು ಮೂರು ವಾರ ಎಲ್ಲವನ್ನೂ ಸೀಮೆಸುಣ್ಣದಲ್ಲೂ ಅಂಟುಪಟ್ಟಿಯಲ್ಲೂ ಬರೆದು ನೋಡಿ. ಕೆಲವು ಆಟ ಎರಡೇ ದಿನಕ್ಕೆ ಬೇಜಾರಾಗುತ್ತವೆ. ಹಾವು ಏಣಿಯ ದೊಡ್ಡ ಚಿತ್ರ ನೋಡಲು ಚಂದ, ದಾಳ ಕಳೆದುಹೋದ ದಿನದಿಂದ ಅದು ಬರೀ ಚಿತ್ರ.

ಬಾಳಿಕೆ ಬರುವವು ನಿಯಮ ಕಡಿಮೆ ಇರುವ ಗೆರೆಗಳು. ಕುಂಟೆಬಿಲ್ಲೆಯ ಮನೆಗಳು, ಒಂದೊಂದು 40ರಿಂದ 45 ಸೆಂಟಿಮೀಟರ್ ಚೌಕ. ಅಂಗಳ ಸುತ್ತಿ ಬರುವ ಬಳುಕು ದಾರಿ. ಹಿಂದಕ್ಕೂ ಮುಂದಕ್ಕೂ ಹಾರುವ ಹೆಜ್ಜೆ ಗುರುತು. ನಾಲ್ಕು ಚೌಕದ ಚೆಂಡಾಟ. ಬೇರೆ ಬೇರೆ ಗಾತ್ರದ ಖಾಲಿ ವೃತ್ತಗಳು. ವೃತ್ತಕ್ಕೆ ಹೆಸರಿಡಬೇಡಿ. ಏನಾಡಬೇಕು ಎಂದು ಮಕ್ಕಳು ತಾವೇ ಕಂಡುಕೊಳ್ಳುತ್ತಾರೆ.

ಬಣ್ಣ ಹಚ್ಚುವಾಗ ನೆಲ ತೊಳೆದು ಪೂರ್ತಿ ಒಣಗಿಸಿ. ಹೊಸ ಕಾಂಕ್ರೀಟ್ ಆದರೆ 28 ದಿನ ಕಾಯಿರಿ. ಮನೆಯ ಗೋಡೆಗೆ ಹಚ್ಚುವ ಬಣ್ಣ ಬೇಡ, ಒದ್ದೆಯಾದರೆ ಜಾರುತ್ತದೆ, ಬೇಗ ಏಳುತ್ತದೆ. ರಸ್ತೆ ಗೆರೆಗೆ ಬಳಸುವ ಬಣ್ಣ ತಂದು, ಹಸಿ ಇರುವಾಗಲೇ ಮೇಲೆ ಸಣ್ಣ ಮರಳು ಉದುರಿಸಿ. ಇಡೀ ನೆಲಕ್ಕೆ ಬಣ್ಣ ಬಳಿಯುವ ಆಸೆ ಬೇಡ. ಗೆರೆಗಳ ನಡುವೆ ಬರಿ ನೆಲ ಇದ್ದರೇ ಗೆರೆ ಕಾಣುವುದು.

6. ಗೋಡೆಗಳನ್ನು ದುಡಿಸಿ

ಚಿಕ್ಕ ಅಂಗಳದಲ್ಲಿ ನೆಲ ಕಡಿಮೆ, ಗೋಡೆ ಜಾಸ್ತಿ. ಇದರಲ್ಲಿ ನನ್ನ ಮೊದಲ ಆಯ್ಕೆ ಅಡ್ಡಡ್ಡ ಸಾಗುವ ಹತ್ತುಗೋಡೆ. ಮೇಲಕ್ಕೆ ಹತ್ತುವುದಿಲ್ಲ, ಗೋಡೆಗೆ ಅಂಟಿಕೊಂಡು ಎಡದಿಂದ ಬಲಕ್ಕೆ ಹೋಗುವುದು. 6 ಮೀಟರ್ ಉದ್ದ ಇದ್ದರೆ ನಾಲ್ಕೈದು ಮಕ್ಕಳು ಒಟ್ಟಿಗೆ ಆಡಬಹುದು. ಕೈಹಿಡಿಗಳು ಎತ್ತರದಲ್ಲಿರಲಿ, ಆದರೆ ಕಾಲಿಡುವ ಹಿಡಿಗಳು ನೆಲದಿಂದ 60 ಸೆಂಟಿಮೀಟರ್ ಮೀರದಿರಲಿ. ಆ ಎತ್ತರದಲ್ಲಿ ಕೆಂಪು ಗೆರೆ ಎಳೆದು, ಪಾದ ಗೆರೆ ದಾಟಬಾರದು ಎಂಬ ಒಂದೇ ನಿಯಮ ಇಡಿ. ಕೆಳಗೆ ಮೆತ್ತನೆ ಹಾಸು ಬೇಕು.

ಇಲ್ಲಿ ಉಳಿತಾಯ ಮಾಡಬಾರದ ಜಾಗ ಒಂದಿದೆ. ಗೋಡೆ ಗಟ್ಟಿ ಕಾಂಕ್ರೀಟಿನದಾಗಿದ್ದರೆ ಮಾತ್ರ ಹಿಡಿಗಳ ಬೋಲ್ಟನ್ನು ನೆಚ್ಚಿಕೊಳ್ಳಬಹುದು. ಟೊಳ್ಳು ಬ್ಲಾಕಿನ ಗೋಡೆಯಲ್ಲಿ ಕೆಲವೇ ತಿಂಗಳಲ್ಲಿ ಸಡಿಲವಾಗುತ್ತದೆ. ಕಾಂಪೌಂಡ್ ಗೋಡೆಗಳಲ್ಲಿ ಎಷ್ಟೋ ಗೋಡೆಗಳು ತಮ್ಮ ಭಾರ ಹೊರಲು ಮಾತ್ರ ಕಟ್ಟಿದವು, ಮಕ್ಕಳ ಜಗ್ಗಾಟ ತಡೆಯಲು ಅಲ್ಲ. ಬಿರುಕು ಬಿಟ್ಟ, ವಾಲಿದ ಗೋಡೆಯನ್ನಂತೂ ಮುಟ್ಟಬೇಡಿ. ಎಂಜಿನಿಯರ್ ನೋಡಿ ಹೇಳಿದ ಮೇಲೆಯೇ ಕೆಲಸ ಶುರು ಮಾಡಿ.

ಉಳಿದ ಗೋಡೆಗೆ ಕೆಲಸ ಬೇಕಾದಷ್ಟಿದೆ. ಕಪ್ಪು ಬಣ್ಣ ಬಳಿದು ಬರೆಯುವ ಹಲಗೆ, ಚೆಂಡೆಸೆಯಲು ಗುರಿಯ ವೃತ್ತಗಳು, ಬೇರೆ ಬೇರೆ ಎತ್ತರದಲ್ಲಿ ಬ್ಯಾಸ್ಕೆಟ್‌ಬಾಲ್ ಬಳೆ, ಹಳೇ ಪೈಪಿನಿಂದ ಮಾಡಿದ ನೀರಿನ ಹಾದಿ. ಒಂದೊಂದನ್ನೂ ಕುಳಿತ ಮಗುವಿಗೆ ಎಟಕುವಂತೆಯೂ ಒಂದು ಕಡೆ ಮಾಡಿ.

7. ಬಿಡಿ ಸಾಮಾನಿನ ಪೆಟ್ಟಿಗೆ

ಖರ್ಚಿಗೆ ಹೋಲಿಸಿದರೆ ಇದರಷ್ಟು ಆಟ ಬೇರೆ ಯಾವುದೂ ಕೊಡುವುದಿಲ್ಲ. ಡೆನ್ಮಾರ್ಕಿನ ಭೂದೃಶ್ಯ ವಿನ್ಯಾಸಗಾರ ಕಾರ್ಲ್ ಥಿಯೋಡೋರ್ ಸೋರೆನ್ಸೆನ್ ಅವರು ಒಂದು ವಿಷಯ ಗಮನಿಸಿದ್ದರು: ತಾವು ಕಟ್ಟಿಸಿದ ಅಂಗಳಕ್ಕಿಂತ ಕಟ್ಟಡ ಕೆಲಸದ ಜಾಗದಲ್ಲಿ ಬಿದ್ದಿರುವ ಹಲಗೆ, ಇಟ್ಟಿಗೆಗಳೇ ಮಕ್ಕಳಿಗೆ ಇಷ್ಟ. 1943ರಲ್ಲಿ ಕೋಪನ್‌ಹೇಗನ್ ನಗರದ ಎಮ್‌ಡ್ರುಪ್‌ನಲ್ಲಿ ಇದೇ ಯೋಚನೆಯ ಮೇಲೆ ಆಟದ ತಾಣ ತೆರೆಯಿತು. ಮಕ್ಕಳು ಹಳೇ ಸಾಮಾನಿನಿಂದ ತಮಗೆ ಬೇಕಾದ್ದನ್ನು ಕಟ್ಟುವುದು, ಕೆಡವುವುದು. ಶಾಲೆಗೆ ಅದರ ಚಿಕ್ಕ ರೂಪ ಸಾಕು.

ಪ್ಲಾಸ್ಟಿಕ್ ಕ್ರೇಟು, ನಯವಾಗಿ ಉಜ್ಜಿದ ಹಲಗೆ, ದಪ್ಪ ರಟ್ಟಿನ ಕೊಳವೆ, ಬಟ್ಟೆ, ಕ್ಲಿಪ್ಪು, ಬಕೆಟ್ಟು, ಸ್ಪಂಜಿನ ತುಂಡು. ಟೈರು ತಂದರೆ ಒಳಗಿನ ತಂತಿ ಹೊರಗೆ ಚುಚ್ಚಿಕೊಂಡಿದೆಯೇ ಎಂದು ಕೈಗವಸು ಹಾಕಿ ತಡವಿ ನೋಡಿ, ನೀರು ನಿಂತು ಸೊಳ್ಳೆಯಾಗದಂತೆ ತೂತು ಕೊರೆಯಿರಿ. ಸರಕು ಸಾಗಿಸುವ ಮರದ ಪ್ಯಾಲೆಟ್ ಆದರೆ ಅದರ ಮೇಲಿನ ಮುದ್ರೆ ಓದಿ. ‘ಎಚ್‌ಟಿ’ ಎಂದಿದ್ದರೆ ಬಿಸಿ ಮಾಡಿ ಹುಳು ಕೊಂದದ್ದು. ‘ಎಂಬಿ’ ಎಂದಿದ್ದರೆ ಮಿಥೈಲ್ ಬ್ರೋಮೈಡ್ ಎಂಬ ವಿಷಾನಿಲ ಹಾಕಿದ್ದು, ಅದು ಬೇಡ. ಕುತ್ತಿಗೆಗೆ ಸುತ್ತಿಕೊಳ್ಳುವಷ್ಟು ಉದ್ದದ ಹಗ್ಗವೂ ಬೇಡ.

ಈ ಯೋಜನೆ ಸೋಲುವುದು ಸಾಮಾನಿನಿಂದ ಅಲ್ಲ, ಎತ್ತಿಡುವುದರಿಂದ. ಗಾಲಿ ಇರುವ, ಬೀಗ ಹಾಕುವ ಪೆಟ್ಟಿಗೆ ಅಂಗಳದಲ್ಲೇ ಇರಬೇಕು. ಉಗ್ರಾಣದಿಂದ ಹೊತ್ತು ತರಬೇಕಾದರೆ ಒಂದು ತಿಂಗಳಲ್ಲಿ ನಿಂತುಹೋಗುತ್ತದೆ. ಬಿಡುವಿನ ಕೊನೆಯ ಐದು ನಿಮಿಷ ಎತ್ತಿಡಲು ಮೀಸಲಿಡಿ, ಆ ಹೊಣೆಯನ್ನು ಮಕ್ಕಳಿಗೇ ಕೊಡಿ.

8. ಬೀಳುವ ನೆಲ

ಮಕ್ಕಳು ಬೀಳುತ್ತಾರೆ. ಯಾವುದರ ಮೇಲೆ ಬೀಳುತ್ತಾರೆ ಅನ್ನುವುದಷ್ಟೇ ನಮ್ಮ ಕೈಯಲ್ಲಿರುವುದು. ಹತ್ತುವ ಯಾವುದೇ ಸಾಮಾನಿನ ಸುತ್ತ 1.8 ಮೀಟರ್ ಜಾಗ ಖಾಲಿ ಇರಲಿ, ಅಲ್ಲಿ ಪೆಟ್ಟು ಹೀರುವ ಹಾಸು ಇರಲಿ. ಮೇಲೆ ಹೇಳಿದ ಅಮೆರಿಕದ ಕೈಪಿಡಿ ಪ್ರಕಾರ 23 ಸೆಂಟಿಮೀಟರ್ ಆಳದ ಮರಳು 1.2 ಮೀಟರ್ ಎತ್ತರದಿಂದ ಬೀಳುವವರೆಗೆ ಸಾಕು. ಅಷ್ಟೇ ಆಳದ ಮರದ ಚೂರು 3 ಮೀಟರ್‌ವರೆಗೆ ತಡೆಯುತ್ತದೆ. ಇದು ತುಳಿದು ಕುಗ್ಗಿದ ಮೇಲಿನ ಆಳ, ಹಾಗಾಗಿ ತುಂಬುವಾಗ 30 ಸೆಂಟಿಮೀಟರ್ ತುಂಬಿ. ಹುಲ್ಲು ಅಥವಾ ಗಟ್ಟಿ ಮಣ್ಣು ಇದ್ದರೆ ಸಾಕು ಅಂದುಕೊಳ್ಳಬೇಡಿ. ಒಣಗಿದಾಗ ಅವೂ ಗಟ್ಟಿ ನೆಲವೇ.

ರಬ್ಬರ್ ಟೈಲ್ಸ್ ಕೊಳ್ಳುವಾಗ ‘ಎಷ್ಟು ಎತ್ತರದಿಂದ ಬಿದ್ದರೆ ತಡೆಯುತ್ತದೆ?’ ಎಂದು ಪರೀಕ್ಷೆಯ ವರದಿ ಕೇಳಿ. ‘ತುಂಬ ಮೆತ್ತಗಿದೆ ಸಾರ್’ ಅನ್ನುವುದು ವರದಿ ಅಲ್ಲ. ಇನ್ನೊಂದು ತೊಂದರೆ ಬಿಸಿಲು. ಕಡು ಬಣ್ಣದ ರಬ್ಬರ್, ಕೃತಕ ಹುಲ್ಲು ಎರಡೂ ಕಾದು ಪಾದ ಸುಡುತ್ತವೆ. ನಡುಮಧ್ಯಾಹ್ನ ಅಂಗೈ ಇಟ್ಟು ಐದು ಸೆಕೆಂಡ್ ತಡೆಯಲಾಗದಿದ್ದರೆ ಆ ಹೊತ್ತಿಗೆ ಅದು ಮಕ್ಕಳ ಜಾಗ ಅಲ್ಲ.

ಸಂದುಗಳನ್ನೂ ಅಳೆಯಿರಿ. ಕಂಬಿ, ಹಲಗೆಗಳ ನಡುವಿನ ಸಂದು 9ರಿಂದ 23 ಸೆಂಟಿಮೀಟರ್ ಒಳಗಿದ್ದರೆ ಅಪಾಯ. ಮೈ ನುಸುಳುತ್ತದೆ, ತಲೆ ಸಿಕ್ಕಿಕೊಳ್ಳುತ್ತದೆ. ಅದಕ್ಕಿಂತ ಚಿಕ್ಕದಿರಬೇಕು, ಇಲ್ಲವೇ ದೊಡ್ಡದಿರಬೇಕು.

9. ನೆರಳು, ಗಿಡ

ಮರ ಇದ್ದರೆ ಅದನ್ನು ಉಳಿಸಿಕೊಂಡೇ ವಿನ್ಯಾಸ ಮಾಡಿ. ಬುಡದ ಸುತ್ತ ಕಾಂಕ್ರೀಟ್ ಬೇಡ. ಮರ ಇಲ್ಲದಿದ್ದರೆ ನೆರಳು ಬಟ್ಟೆ ಕಟ್ಟಬಹುದು. ಆದರೆ ಗಾಳಿ ಬಂದಾಗ ಬಟ್ಟೆ ಕಂಬವನ್ನು ಜೋರಾಗಿ ಜಗ್ಗುತ್ತದೆ, ಅಡಿಪಾಯ ಅದಕ್ಕೆ ತಕ್ಕಂತಿರಲಿ, ಬಿರುಗಾಳಿಯ ಕಾಲದಲ್ಲಿ ಬಿಚ್ಚಿಡಿ. ಬೇಲಿಗೆ ಬಳ್ಳಿ ಹಬ್ಬಿಸಿದರೆ ಜಾಗ ಹೋಗುವುದಿಲ್ಲ. ಮುಳ್ಳಿನ ಗಿಡ ಬೇಡ, ಕಣಗಿಲೆಯಂತೂ ಬೇಡವೇ ಬೇಡ. ಅದರ ಎಲೆ, ಹೂವು, ಕಡ್ಡಿ ಎಲ್ಲವೂ ವಿಷ.

10. ತಾರಸಿ ಬಳಸಬಹುದೇ?

ಬಳಸಬಹುದು. ಟೋಕಿಯೋದ ಫುಜಿ ಶಿಶುವಿಹಾರದಲ್ಲಿ ಕಟ್ಟಡದ ಅಂಡಾಕಾರದ ಮಾಡೇ ಆಟದ ಅಂಗಳ. 2007ರಲ್ಲಿ ಕಟ್ಟಿದ್ದು, ಮಕ್ಕಳು ಅದರ ಮೇಲೆ ಸುತ್ತುಸುತ್ತು ಓಡುತ್ತಾರೆ. ಆದರೆ ಅದು ಮಕ್ಕಳು ಓಡಲಿ ಎಂದೇ ಕಟ್ಟಿದ ಮಾಡು. ನಿಮ್ಮದು ಮಳೆ ತಡೆಯಲು ಕಟ್ಟಿದ್ದಿರಬಹುದು. ಐವತ್ತು ಮಕ್ಕಳು ಒಟ್ಟಿಗೆ ಜಿಗಿದರೆ ಬೀಳುವ ಭಾರಕ್ಕೆ ಅದು ತಡೆಯುತ್ತದೆಯೇ ಎಂದು ರಚನಾ ಎಂಜಿನಿಯರಿಂದ ಲಿಖಿತವಾಗಿ ಪಡೆಯಿರಿ. ಹತ್ತಲಾಗದ ಎತ್ತರದ ಬೇಲಿ, ಇಳಿಯಲು ಎರಡು ಬೇರೆ ಬೇರೆ ಮೆಟ್ಟಿಲು, ಕೆಳಗಿನ ಕೋಣೆಗೆ ಸದ್ದು ಹೋಗದಂತೆ ಹಾಸು, ನೀರು ಸೋರದ ಪದರ ಇವೆಲ್ಲ ಬೇಕು. ಇಷ್ಟಕ್ಕೆಲ್ಲ ಹಣ ಇಲ್ಲದಿದ್ದರೆ ತಾರಸಿಯ ಆಸೆ ಬಿಟ್ಟುಬಿಡಿ. ಅರ್ಧಂಬರ್ಧ ಮಾಡುವ ಜಾಗ ಅದಲ್ಲ.

ತಾರಸಿಗಿಂತ ಹತ್ತಿರದ ಉಪಾಯಗಳೂ ಇವೆ. ಅಗಲ ವೆರಾಂಡ ಇದ್ದರೆ ಮಳೆಗಾಲದ ಆಟ ಅಲ್ಲಿ ನಡೆಯುತ್ತದೆ. ಪಕ್ಕದ ಉದ್ಯಾನ ಶಾಲೆ ಹೊತ್ತಿನಲ್ಲಿ ಖಾಲಿ ಇರುತ್ತದೆಯೇ ನೋಡಿ, ಸ್ಥಳೀಯ ಆಡಳಿತಕ್ಕೆ ಪತ್ರ ಬರೆಯಿರಿ. ಕೊಡುಕೊಳ್ಳುವ ಮಾತೂ ಆಡಬಹುದು. ಪ್ಯಾರಿಸ್ ನಗರ 2018ರಿಂದ ಶಾಲೆಗಳ ಡಾಂಬರು ಅಂಗಳ ಕಿತ್ತು ಮಣ್ಣು, ಮರ, ನೆರಳು ಮಾಡುತ್ತಾ ಬಂದಿದೆ. ಅಂಥ ಕೆಲವು ಅಂಗಳಗಳನ್ನು ಶಾಲೆ ಇಲ್ಲದ ಹೊತ್ತಿನಲ್ಲಿ ಊರಿನವರಿಗೂ ತೆರೆದಿದೆ.

11. ನೋಡಿಕೊಳ್ಳುವುದು

ಅಂಗಳದಲ್ಲಿ ನಿಂತ ಶಿಕ್ಷಕರಿಗೆ ಎಲ್ಲ ಮೂಲೆಯೂ ಕಾಣಬೇಕು. ಕಾಣದ ಮೂಲೆ ಇದ್ದರೆ ಅಲ್ಲಿ ಇನ್ನೊಬ್ಬರು ನಿಲ್ಲಲಿ, ಇಲ್ಲವೇ ಅಲ್ಲಿರುವುದನ್ನು ಸ್ಥಳಾಂತರಿಸಿ. ನಿಯಮಗಳು ಕಡಿಮೆ ಇರಲಿ, ಮಕ್ಕಳೇ ಬರೆದ ಮಾತಿನಲ್ಲಿರಲಿ.

ಯುರೋಪಿನ ಆಟದ ಸಾಮಾನಿನ ಮಾನದಂಡ ಇಎನ್ 1176 ಮೂರು ಬಗೆಯ ತಪಾಸಣೆ ಹೇಳುತ್ತದೆ. ಆಗಾಗ ಕಣ್ಣಿನಲ್ಲಿ ನೋಡುವುದು, ಒಂದರಿಂದ ಮೂರು ತಿಂಗಳಿಗೊಮ್ಮೆ ಕೈ ಹಾಕಿ ಅಲ್ಲಾಡಿಸಿ ನೋಡುವುದು, ವರ್ಷಕ್ಕೊಮ್ಮೆ ಪೂರ್ತಿ ಪರೀಕ್ಷೆ. ಶಾಲೆಯಲ್ಲಿ ಮೊದಲನೆಯದನ್ನು ದಿನವೂ ಬೆಳಿಗ್ಗೆ ಮಾಡಿಬಿಡಿ. ಗಾಜಿನ ಚೂರು, ಸಡಿಲ ಬೋಲ್ಟು, ಸೀಳಿದ ಹಲಗೆ, ನಿಂತ ನೀರು, ಗುಂಡಿಬಿದ್ದ ಮರಳು. ಒಬ್ಬರ ಹೆಸರಿಗೆ ಈ ಕೆಲಸ ಬರೆದಿರಬೇಕು, ಪುಸ್ತಕದಲ್ಲಿ ಸಹಿ ಬೀಳಬೇಕು. ಯಾರಿಗೆ ಎಲ್ಲಿ ಪೆಟ್ಟಾಯಿತು ಎಂಬುದನ್ನೂ ಅದೇ ಪುಸ್ತಕದಲ್ಲಿ ಬರೆಯಿರಿ. ಒಂದೇ ಜಾಗದಲ್ಲಿ ಮತ್ತೆ ಮತ್ತೆ ಮಂಡಿ ತರಚಿದರೆ ತಪ್ಪು ಮಕ್ಕಳದ್ದಲ್ಲ, ಎರಡು ಆಟದ ದಾರಿಗಳು ಅಲ್ಲಿ ಅಡ್ಡಹಾಯುತ್ತಿವೆ. ಒಂದನ್ನು ಸರಿಸಿ.

ಮುರಿದದ್ದು ಕಂಡ ದಿನವೇ ಅದನ್ನು ಮಕ್ಕಳಿಗೆ ಸಿಗದಂತೆ ಮಾಡಿ. ‘ಬಳಸಬೇಡಿ’ ಎಂಬ ಚೀಟಿ ಅಂಟಿಸಿದರೆ ಸಾಲದು. ಬಿಚ್ಚಿ ಒಳಗಿಡಿ, ಬಿಚ್ಚಲಾಗದಿದ್ದರೆ ಸುತ್ತ ಗಟ್ಟಿ ತಡೆ ಕಟ್ಟಿ. ಒಂದು ತಿಂಗಳೊಳಗೆ ರಿಪೇರಿಗೆ ಯಾರೂ ಸಿಗದಿದ್ದರೆ ಕಿತ್ತು ಹಾಕಿ. ಆ ಜಾಗದಲ್ಲಿ ಓಡಲಿ.